ಕೆರೆ ಮಣ್ಣಿನೊಳಗಿನ ನಿದ್ದೆ

ಆ ವರ್ಷ ಮಾರ್ಚ್ ತಿಂಗಳಲ್ಲಿ ನನಗೆ ಬೇಕಾಗಿದ್ದದ್ದು ಸೀರೆ ಅಲ್ಲ, ಓಲೆ ಅಲ್ಲ, ಐದಾರು ಬಸವನಹುಳು. ಹೀಗೆ ಹೇಳಿದರೆ ನನ್ನ ಮೊಮ್ಮಕ್ಕಳು ಈಗಲೂ ನಗುತ್ತಾರೆ. ನಗಲಿ. ಬಿ.ಎಸ್ಸಿ.ಯಲ್ಲಿ ಒಂದೇ ಒಂದು ಪ್ರಾಕ್ಟಿಕಲ್ ಬಾಕಿ ಉಳಿಸಿಕೊಂಡು ಆರು ವರ್ಷ ಮನೆಯಲ್ಲಿ ಕೂರುವುದು ಅಂದರೆ ಏನು ಅಂತ ಅವರಿಗೇನು ಗೊತ್ತು.

ಫೇಲಾಗಿದ್ದು ದಡ್ಡತನದಿಂದ ಅಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನಗೆ ಸಮಾಧಾನ ಇರುವುದಿಲ್ಲ. ಥಿಯರಿ ಎಲ್ಲ ಮೊದಲ ಸಲವೇ ಪಾಸು. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ದಿನ ನಾನು ಎಂಟು ತಿಂಗಳ ಬಸುರಿ. ಲ್ಯಾಬಿನ ಫಾರ್ಮಲಿನ್ ವಾಸನೆ ಮೂಗಿಗೆ ಬಡಿದದ್ದೇ ತಡ, ಟ್ರೇ ಬಿಟ್ಟು ಹೊರಗೆ ಓಡಿದೆ. ವಾಂತಿ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತವಳು ವಾಪಸ್ಸು ಒಳಗೆ ಹೋಗಲೇ ಇಲ್ಲ. ಆಮೇಲೆ ಮಗಳು ಹುಟ್ಟಿದಳು, ಅವಳ ಹಿಂದೆ ಮಗ. ಮುಂದಿನ ವರ್ಷ ಕಟ್ಟಿದರಾಯಿತು, ಮುಂದಿನ ವರ್ಷ ಕಟ್ಟಿದರಾಯಿತು ಅಂತ ವರ್ಷಗಳು ಹೋದವು. ಹಲ್ಲಿನ ಸಂದಿಯಲ್ಲಿ ಸಿಕ್ಕ ಅಡಿಕೆ ಚೂರಿನ ಹಾಗೆ ಅದು. ನೋವಿಲ್ಲ, ಆದರೆ ನಾಲಗೆ ಸುಮ್ಮನಿರಲ್ಲ.

ಹಳೇ ಸಿಲಬಸ್ಸಿನವರಿಗೆ ಈ ಏಪ್ರಿಲ್ಲೇ ಕೊನೇ ಅವಕಾಶ ಅಂತ ಯೂನಿವರ್ಸಿಟಿಯವರು ಪ್ರಕಟಣೆ ಹಾಕಿದರು. ಈ ಸಲವೂ ಕೈತಪ್ಪಿದರೆ ಮೂರು ವರ್ಷದ ಓದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ. ಅದೇ ಹೊತ್ತಿಗೆ ಬಸವೇಶ್ವರನಗರದಲ್ಲಿ ಹೊಸದಾಗಿ ಶುರುವಾಗಿದ್ದ ಒಂದು ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್ಸು ನನಗೆ, "ಸೈನ್ಸಿಗೆ ಯಾರೂ ಇಲ್ಲ. ಡಿಗ್ರಿ ಮುಗಿಸ್ಕೊಂಡು ಬನ್ನಿ, ಜೂನಿಂದ ಸೇರ್ಕೊಳ್ಳಿ" ಅಂದಿದ್ದರು. ನನಗೆ ಆ ಕೆಲಸ ಬೇಕಿತ್ತು. ಬೇಕು ಅಂದರೆ ಬೇಕು. ಬೆಳಗ್ಗೆ ಎದ್ದು ತಲೆ ಬಾಚಿ, ಚಪ್ಪಲಿ ಮೆಟ್ಟಿ, ನನ್ನ ಹೆಸರು ಹಿಡಿದು ಕರೆಯುವ ಒಂದು ಜಾಗಕ್ಕೆ ಹೋಗಬೇಕು ಅಂತ ಆಸೆ. ಮನೆಯಲ್ಲಿ ನನ್ನನ್ನು ಅಮ್ಮ ಅಂತಲೋ, ಏ ಇವಳೇ ಅಂತಲೋ ಕರೆಯುತ್ತಿದ್ದರು.

ಗಂಡನ ಹತ್ತಿರ ವಿಷಯ ಎತ್ತಿದೆ. ಅವರು ರಾಜಾಜಿನಗರದ ಕಡೆ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಯಾರ ಜೊತೆಗೂ ಜಗಳ ಬೇಡದ ಮನುಷ್ಯ. "ನನ್ನದೇನಿಲ್ಲ, ಅವ್ವನ್ನ ಕೇಳು" ಅಂದರು. ಅವ್ವ ಅಂದರೆ ನಮ್ಮತ್ತೆ. ಹಾವೇರಿ ಕಡೆಯವರು. ನಾನು ತುಮಕೂರಿನ ಹತ್ತಿರದವಳು. ಎರಡೂ ಲಿಂಗಾಯತರ ಮನೆಯೇ, ಆದರೆ ಅವರ ಮಾತೇ ಬೇರೆ, ನಮ್ಮ ಮಾತೇ ಬೇರೆ. ಅವರ ಜೋಳದ ರೊಟ್ಟಿಯ ಮುಂದೆ ನನ್ನ ಮುದ್ದೆಗೆ ಮರ್ಯಾದೆ ಇರಲಿಲ್ಲ. ವಿಜಯನಗರದ ನಮ್ಮ ಎರಡು ರೂಮಿನ ಬಾಡಿಗೆ ಮನೆಯಲ್ಲಿ ಅವರ ಮಾತೇ ಕೊನೆ. ನಾನು ಕೇಳಿದ್ದಕ್ಕೆ, "ಮಕ್ಕಳನ್ನ ಯಾರು ನೋಡವ್ರು?" ಅಂದು ಹಿಟ್ಟು ನಾದುವುದಕ್ಕೆ ಶುರು ಮಾಡಿದರು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮೊದಲು ಪಾಸಾಗೋಣ, ಆಮೇಲೆ ಇವರನ್ನು ನೋಡಿಕೊಳ್ಳೋಣ ಅಂತ ಹಲ್ಲು ಕಚ್ಚಿಕೊಂಡೆ.

ಪಾಸಾಗಬೇಕಾದರೆ ಕೈ ಪಳಗಬೇಕು. ಪ್ರಾಕ್ಟಿಕಲ್ಲಿಗೆ ಕೊಡುವುದು ಕೆರೆಯ ಬಸವನಹುಳು, ಪುಸ್ತಕದ ಹೆಸರು ಪೈಲಾ. ಅದರ ಚಿಪ್ಪು ಒಡೆದು, ಮೈ ಬಿಡಿಸಿ, ನರಗಳನ್ನು ಒಂದೂ ಕಡಿಯದ ಹಾಗೆ ಎತ್ತಿ ತೋರಿಸಬೇಕು. ಕೂದಲಿಗಿಂತ ಸ್ವಲ್ಪ ದಪ್ಪದ ಎಳೆಗಳು. ಆರು ವರ್ಷದಿಂದ ಹುರುಳೀಕಾಯಿ ಹೆಚ್ಚಿದ ಕೈ ನನ್ನದು. ಟ್ರಂಕಿನಲ್ಲಿದ್ದ ಹಳೇ ಕತ್ತರಿ ಚಿಮಟ ತೆಗೆದು, ತುಕ್ಕನ್ನು ಸೀಮೆಎಣ್ಣೆ ಹಾಕಿ ಉಜ್ಜಿ, ಒಂದು ಭಾನುವಾರ ಬಕೆಟ್ಟು ಹಿಡಿದು ನಾಗರಬಾವಿ ಕೆರೆಗೆ ಹೊರಟೆ.

ಆಗ ಆ ಕಡೆ ಇನ್ನೂ ರಾಗಿ ಹೊಲ. ಕಾರ್ತಿಕದಲ್ಲಿ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ದಂಡೆ ತುಂಬ ಬಸವನಹುಳು ನೋಡಿದ್ದೆ. ಈಗ ಹೋಗಿ ನೋಡಿದರೆ ಕೆರೆಯೇ ಇಲ್ಲ. ನೀರಿದ್ದ ಜಾಗದಲ್ಲಿ ಬಿರುಕು ಬಿಟ್ಟ ನೆಲ, ನಡುವೆ ಒಂದಷ್ಟು ಹಸು. ಅಲ್ಲಲ್ಲಿ ಬಿಸಿಲಿಗೆ ಬೆಳ್ಳಗಾದ ಖಾಲಿ ಚಿಪ್ಪು. ಎತ್ತಿಕೊಂಡರೆ ಕೈಯಲ್ಲೇ ಪುಡಿ. ಮಾರ್ಚ್ ತಿಂಗಳಲ್ಲಿ ಕೆರೆ ಬತ್ತುತ್ತದೆ ಅನ್ನುವುದು ದನ ಕಾಯುವವನಿಗೂ ಗೊತ್ತು, ಪ್ರಾಣಿಶಾಸ್ತ್ರ ಓದಿದ ನನಗೆ ಹೊಳೆದಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರಲ್ಲ, ನನ್ನ ಹತ್ತಿರ ಆ ಒಕ್ಕಾಲು ಮಾತ್ರ ಇತ್ತು. ಖಾಲಿ ಬಕೆಟ್ಟು ಹಿಡಿದು ಅಷ್ಟು ದೂರ ಬಿಸಿಲಲ್ಲಿ ನಡೆದುಕೊಂಡು ಬರುವಾಗ ಕಣ್ಣಲ್ಲಿ ನೀರು ಬಂತು.

ಅತ್ತೆ ಹಿತ್ತಲ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದರು. "ಎಲ್ಲಿಗೆ ಹೋಗಿದ್ದಿ ಬಕೀಟ್ ತಗೊಂಡು?"

ಸುಳ್ಳು ಹೇಳುವ ಚೈತನ್ಯವೂ ಇರಲಿಲ್ಲ. "ಬಸವನಹುಳು ಹುಡುಕಕ್ಕೆ. ಪರೀಕ್ಷೆಗೆ ಬೇಕು. ಕೆರೆ ಒಣಗಿದೆ, ಎಲ್ಲಾ ಸತ್ತುಹೋಗಿವೆ."

"ಸತ್ತಾವಂತ ಯಾರು ಹೇಳಿದ್ರು ನಿನಗ?" ಅಂದರು ಅತ್ತೆ, ಅಕ್ಕಿಯಿಂದ ಕಣ್ಣು ತೆಗೆಯದೆ. "ಮಕ್ಕೊಂಡಾವ. ಒಂದ್ ಮೊಳ ಕೆಳಗ."

ಇಲ್ಲಿ ಒಂದು ಸಂಗತಿ ಹೇಳಬೇಕು. ಅವರ ಊರಿನ ಕಡೆ ಮುಂಗಾರಿನ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಅಂತ ಮಾಡುತ್ತಾರೆ. ಕೆರೆಯ ಜೇಡಿಮಣ್ಣಿನಲ್ಲಿ ಜೋಡಿ ಎತ್ತು ಮಾಡಿ, ಅವಕ್ಕೆ ಮೇವಿಡುವ ಗೋದಲಿ ಮಾಡಿ, ಪೂಜೆ ಮಾಡುತ್ತಾರೆ. ನಮ್ಮ ಕಡೆ ಇಲ್ಲ. ಬೆಂಗಳೂರಿನಲ್ಲಿ ಆ ಹೊತ್ತಿಗೆ ಒಂದೆರಡು ಮಳೆ ಬಿದ್ದು ಕೆರೆಯಲ್ಲಿ ಕೆಸರಾಗಿರುತ್ತದೆ ಅಂತ ಅತ್ತೆ ಪ್ರತಿ ಬೇಸಿಗೆಯಲ್ಲೇ ನಾಗರಬಾವಿಗೆ ಹೋಗಿ, ಒಳ್ಳೇ ಮಣ್ಣು ಅಗೆದು ತಂದು, ಗೋಣಿಚೀಲದಲ್ಲಿ ಸುತ್ತಿ ಬಚ್ಚಲ ಪಕ್ಕ ಇಡುತ್ತಿದ್ದರು. ನನಗೆ ಅದೊಂದು ಕಿರಿಕಿರಿ. ಬಚ್ಚಲಿಗೆ ಹೋಗುವಾಗೆಲ್ಲ ಎಡವುತ್ತಿದ್ದೆ. ಮಣ್ಣು ಅಗೆಯುವಾಗ ಬಸವನಹುಳು ಸಿಗುತ್ತವೆ, ಅವನ್ನು ಅದೇ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿ ಬರುತ್ತಾರೆ ಅನ್ನುವುದು ಅವತ್ತೇ ತಿಳಿದದ್ದು. ಆರು ವರ್ಷದಲ್ಲಿ ಒಂದು ಸಲವೂ ನಾನು ಅವರ ಜೊತೆ ಹೋಗಿರಲಿಲ್ಲ, ಕೇಳಿಯೂ ಇರಲಿಲ್ಲ.

"ಅತ್ತೆ, ನನಗೆ ತೋರಿಸ್ತೀರಾ?"

"ತೋರಸ್ತೀನಿ. ಏನ್ ಮಾಡತಿ ತಗೊಂಡು?"

ಹೇಳಿದೆ. ಅತ್ತೆ ಮೊರ ಕೆಳಗಿಟ್ಟರು. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಇತ್ತು. ಲಿಂಗಪೂಜೆ ಆಗದೆ ಒಂದು ತೊಟ್ಟು ನೀರು ಕುಡಿಯದ ಹೆಂಗಸು. ಇರುವೆ ಸಾಲಿಗೂ ಅರಿಶಿನದ ಗೆರೆ ಎಳೆದು ದಾರಿ ತಿರುಗಿಸುತ್ತಿದ್ದರೇ ಹೊರತು ಕೊಲ್ಲುತ್ತಿರಲಿಲ್ಲ. ಮೊಮ್ಮಗಳ ತಲೆಯ ಹೇನು ಕುಕ್ಕುವಾಗ ಮಾತ್ರ ಆ ನಿಯಮಕ್ಕೆ ರಜೆ. "ಅದರ ಹೆಸರಿನಾಗ ಬಸವ ಇದಾನ, ಅದಕ್ಕ ಕತ್ತರಿ ಹಚ್ಚತಿ?" ಅಂದರು. ನಾನೂ ಬಿಡಲಿಲ್ಲ. ಇದಿಲ್ಲದಿದ್ದರೆ ನಾನು ಜನ್ಮಪೂರ್ತಿ ಫೇಲಾದವಳಾಗಿಯೇ ಇರುತ್ತೀನಿ, ನಿಮಗೆ ಅದು ಸರಿಯಾ ಅಂತ ಕೇಳಿಬಿಟ್ಟೆ. ನನಗೆ ಮೊದಲಿಂದಲೂ ಸಿಟ್ಟು ಮೂಗಿನ ತುದೀಲಿ. ಅವರು ಎದ್ದು ಒಳಗೆ ಹೋದರು. ಮಾತು ಮುಗಿಯಿತು ಅಂದುಕೊಂಡೆ.

ಮಾರನೇ ಬೆಳಗ್ಗೆ ಪೂಜೆ ಮುಗಿಸಿ, ಕುರ್ಪಿ ಗೋಣಿಚೀಲ ಹಿಡಿದು, "ನಡಿ, ಬಿಸಲಾಗ್ತದ" ಅಂದರು.

ಕೆರೆಯಂಗಳದಲ್ಲಿ ಅವರು ಸೀದಾ ಒಂದು ಜಾಗಕ್ಕೆ ಹೋದರು. ಅಲ್ಲಿ ಮಾತ್ರ ಗರಿಕೆ ಇನ್ನೂ ಹಸಿರಿತ್ತು. ನೀರು ಕೊನೇಗೆ ನಿಲ್ಲುವುದು ಅಲ್ಲಿಯೇ. ನೀರಿನ ಹಿಂದೆಯೇ ಬಂದು ಬಂದು ಹುಳುಗಳೂ ಅಲ್ಲೇ ಮಣ್ಣಿಗೆ ಇಳಿಯುತ್ತವಂತೆ. ಮೇಲಿನ ಗಟ್ಟಿ ಹೆಂಟೆ ಎಬ್ಬಿಸಿದರು, ಕೆಳಗೆ ತಣ್ಣನೆ ಕಪ್ಪು ಮಣ್ಣು. ಕುರ್ಪಿ ಬದಿಗಿಟ್ಟು ಕೈಯಲ್ಲೇ ಕೆದಕಿದರು. ನಿಂಬೆಹಣ್ಣಿಗಿಂತ ದೊಡ್ಡದೊಂದು ಮಣ್ಣಿನುಂಡೆ ಬಂತು; ಸೆರಗಿನಲ್ಲಿ ಒರೆಸಿದರೆ ಬಸವನಹುಳು. ಬಾಯಿಗೆ ಬಿಗಿಯಾಗಿ ಮುಚ್ಚಳ ಬಿದ್ದಿತ್ತು. ಉಗುರು ತೂರದಷ್ಟು ಬಿಗಿ.

ನಾನು ಇದನ್ನೆಲ್ಲ ಓದಿದ್ದೆ. ಬೇಸಿಗೆ ನಿದ್ರೆ. ಮೂರು ಮಾರ್ಕಿನ ಪ್ರಶ್ನೆ. ನೀರು ಬತ್ತಿದಾಗ ಪೈಲಾ ಕೆಸರಿನಲ್ಲಿ ಹೂತುಕೊಂಡು ಮುಚ್ಚಳ ಹಾಕಿಕೊಳ್ಳುತ್ತದೆ, ಒಳಗಿನ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದಕ್ಕೆ ಕಿವಿರೂ ಉಂಟು ಶ್ವಾಸಕೋಶವೂ ಉಂಟು, ತಿಂಗಳುಗಟ್ಟಲೆ ಅನ್ನ ನೀರಿಲ್ಲದೆ ಇರುತ್ತದೆ ಅಂತ ಬಾಯಿಪಾಠ ಮಾಡಿ ಬರೆದು ಮೂರಕ್ಕೆ ಮೂರು ತಗೊಂಡಿದ್ದೆ. ಆದರೆ ಕೈಯಲ್ಲಿ ಹಿಡಿದಾಗ ಆ ತಣ್ಣನೆ ಭಾರ, ಇದು ಖಾಲಿ ಚಿಪ್ಪಲ್ಲ, ಒಳಗೆ ಯಾರೋ ಇದ್ದಾರೆ ಅನ್ನೋದು, ಪುಸ್ತಕದಲ್ಲಿರಲಿಲ್ಲ.

"ಎಷ್ಟು ಬೇಕು?"

"ಆರು."

"ಮೂರು ತಗೋ."

"ಮೂರು ಸಾಲಲ್ಲ ಅತ್ತೆ. ಐದಾದ್ರೂ."

"ನಾಕು. ಇನ್ನ ಕೇಳಬ್ಯಾಡ." ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವ ದನಿಯಲ್ಲೇ ಹೇಳಿದರು. ಉಳಿದವನ್ನು ವಾಪಸ್ಸು ಇಟ್ಟು ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿದರು. ಸುಮ್ಮನೆ ಎಬ್ಬಿಸಿಬಿಟ್ಟರೆ ಮತ್ತೆ ಮಲಗುವುದಕ್ಕೆ ಅವುಗಳ ಹತ್ತಿರ ಏನೂ ಉಳಿದಿರುವುದಿಲ್ಲ, ಮಳೆ ಬರುವ ತನಕ ತಾಳಲಾರವು ಅಂದರು. ಕೆಲಸ ಮಾಡುವ ಜಾಗ ಅಡಿಗೆಮನೆ ಅಲ್ಲ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲು ಅಂತಲೂ ತೀರ್ಮಾನವಾಯಿತು.

ಮೊದಲ ಎರಡನ್ನು ನಾನು ಹಾಳು ಮಾಡಿದೆ. ಅವಸರ. ಮಕ್ಕಳು ಮಧ್ಯಾಹ್ನ ಮಲಗುವ ಒಂದು ಗಂಟೆ ಮಾತ್ರ ನನ್ನದು. ಮುಚ್ಚಿಕೊಂಡಿದ್ದ ಹಾಗೇ ಬಿಸಿನೀರಿಗೆ ಹಾಕಿ, ಚಿಪ್ಪು ಒಡೆದೆ. ಒಳಗೆ ಮೈಯೆಲ್ಲ ಮುದುಡಿ ಗಂಟಾಗಿತ್ತು, ನರ ಯಾವುದು ಮಾಂಸ ಯಾವುದು ಗೊತ್ತಾಗಲಿಲ್ಲ. ಎರಡನೆಯದೂ ಅಷ್ಟೇ. ಕತ್ತರಿ ಕಲ್ಲಿನ ಮೇಲೆ ಎಸೆದೆ. ಸದ್ದಿಗೆ ಅತ್ತೆ ಬಂದು ನೋಡಿದರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನಿದ್ದಿಯಾಗ ಇದ್ದದ್ದನ್ನ ಕೊಂದಿಯಲ್ಲ. ಇದ್ಯಾವ ಸೀಮಿ ವಿದ್ಯಾನೋ ನಿಂದು? ತಗಿಯೂದಾದ್ರ ಎಬ್ಬಿಸಿ, ಮಾರಿ ನೋಡಿ ತಗಿ."

ಮಾರಿ ಅಂದರೆ ಅವರ ಕಡೆ ಮುಖ. ಮೂರನೆಯದನ್ನು ಅವರೇ ತೆಗೆದುಕೊಂಡರು. ನಾನು ನಲ್ಲಿ ನೀರು ತರಹೋದರೆ ಬೇಡ ಅಂದರು, ಅದರಲ್ಲಿ ಬ್ಲೀಚಿಂಗ್ ಪೌಡರಿನ ನಾತ. ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ನಿಂತಿದ್ದ ನೀರನ್ನು ಮಡಕೆಗೆ ಬಗ್ಗಿಸಿ, ಒಂದು ಹಿಡಿ ಕೆರೆ ಮಣ್ಣು ಕದಡಿ, ಹುಳುವನ್ನು ಮೆಲ್ಲಗೆ ಇಟ್ಟರು. "ಇನ್ನ ಮುಟ್ಟಬ್ಯಾಡ." ಇಬ್ಬರೂ ಮಡಕೆಯ ಎರಡು ಕಡೆ ಕೂತೆವು. ಅರ್ಧ ಗಂಟೆ ಏನಿಲ್ಲ. ನಾನು ಎದ್ದೆ, ಕೈ ಹಿಡಿದು ಕೂರಿಸಿದರು. ಆಮೇಲೆ ಒಂದು ಗುಳ್ಳೆ ಮೇಲೆ ಬಂತು. ಮುಚ್ಚಳ ಕೂದಲೆಳೆಯಷ್ಟು ಸರಿಯಿತು. ಮತ್ತೆ ಮುಚ್ಚಿತು. ಮತ್ತೆ ಸರಿಯಿತು. ಅಗಲವಾದ ಕಾಲು ಹೊರಗೆ ಬಂತು, ಆಮೇಲೆ ಮೀಸೆ, ಆಮೇಲೆ ಕಣ್ಣು. ಅತ್ತೆಯ ಮುಖ ನೋಡಿದೆ. ಸಣ್ಣ ಹುಡುಗಿಯ ಹಾಗೆ ನಗುತ್ತಿದ್ದರು. ಅಷ್ಟು ಹೊತ್ತು ನಾವಿಬ್ಬರೂ ಜಗಳವಿಲ್ಲದೆ ಒಂದು ಕಡೆ ಕೂತಿದ್ದು ಅದೇ ಮೊದಲು.

ಆಮೇಲೆ ಅವರು ಎದ್ದು, ತಿರುಗಿ ನೋಡದೆ ಒಳಗೆ ಹೋದರು. ಪೂರ್ತಿ ಮೈ ಚಾಚಿದ್ದಾಗ ಬಿಸಿನೀರಿಗೆ ಹಾಕಿದ್ದರಿಂದ ಎಲ್ಲ ಸಡಿಲವಾಗಿ, ಸ್ಪಷ್ಟವಾಗಿ ಸಿಕ್ಕಿತು. ಬಿಳಿ ಎಳೆಗಳನ್ನು ಒಂದೊಂದಾಗಿ ಬಿಡಿಸಿದೆ. ಮರುದಿನ ನಾಲ್ಕನೆಯದು. ಅದರಲ್ಲಿ ಒಂದೂ ಕಡಿಯಲಿಲ್ಲ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ನನ್ನ ಸುತ್ತ ನನಗಿಂತ ಆರು ವರ್ಷ ಚಿಕ್ಕ ಹುಡುಗ ಹುಡುಗಿಯರು. ಫಾರ್ಮಲಿನ್ ವಾಸನೆ ಅದೇ. ಈ ಸಲ ಸೆರಗಿನ ತುದಿಯಲ್ಲಿ ಒಂದು ನಿಂಬೆಹಣ್ಣು ಕಟ್ಟಿಕೊಂಡು ಹೋಗಿದ್ದೆ. ಪ್ರಶ್ನೆ ಪೈಲಾದ ನರಮಂಡಲವೇ. ಅಟೆಂಡರು ಟ್ರೇಗಳನ್ನು ತಂದಿಟ್ಟ. ನನ್ನದನ್ನು ಎತ್ತಿ ನೋಡಿದೆ: ಮುಚ್ಚಳ ಬಿಗಿದಿತ್ತು. ಪಕ್ಕದವಳದೂ ಹಾಗೇ, ಎಲ್ಲರದೂ ಹಾಗೇ. ಬೆಳಗ್ಗೆ ಯಾರೋ ಒಣಗಿದ ಕೆರೆಯಿಂದ ಅಗೆದು ತಂದುಕೊಟ್ಟಿದ್ದು, ಹಾಗೇ ಹಂಚಿಬಿಟ್ಟಿದ್ದರು. ಹುಡುಗರು ಬಿಸಿನೀರಿಗೆ ಹಾಕಿ, ಚಿಪ್ಪು ಒಡೆಯಲು ಶುರು ಮಾಡಿದರು.

ಮೂರು ಗಂಟೆಯ ಪರೀಕ್ಷೆ. ಎಬ್ಬಿಸಿದರೆ ಎಷ್ಟು ಹೊತ್ತು ಹಿಡಿಯುತ್ತೋ ಗೊತ್ತಿಲ್ಲ. ಎಬ್ಬಿಸದಿದ್ದರೆ ಒಳಗೆ ಏನಿರುತ್ತೆ ಅಂತ ಗೊತ್ತು. ಇದು ಕೊನೇ ಅವಕಾಶ. ಅಟೆಂಡರನ್ನು ಕರೆದು, "ಅಣ್ಣ, ತೋಟದ ತೊಟ್ಟಿಯಿಂದ ಒಂದು ಬೋಗುಣಿ ನೀರು ತಂದುಕೊಡಿ, ನಲ್ಲಿದು ಬೇಡ" ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಆದರೂ ತಂದುಕೊಟ್ಟ. ಹುಳುವನ್ನು ಅದರಲ್ಲಿಟ್ಟು ಕೈಕಟ್ಟಿ ಕೂತೆ.

ಹೊರಗಿನಿಂದ ಬಂದಿದ್ದ ಪರೀಕ್ಷಕರು, ವಯಸ್ಸಾದವರು, ಒಂದು ಸುತ್ತು ಬಂದು ನಿಂತರು. "ಏನಮ್ಮಾ, ಮೀನು ಹಿಡೀತಾ ಇದೀರಾ?"

"ಏಳಲಿ ಅಂತ ಕಾಯ್ತಾ ಇದೀನಿ ಸಾರ್."

"ಎದ್ದು ನಿಮಗೆ ಉತ್ತರ ಹೇಳಿಕೊಡುತ್ತಾ? ಟೈಮ್ ಆದ್ರೆ ನಾನು ಕಾಯಲ್ಲ, ನೋಡಿ." ಎಲ್ಲರೂ ನಕ್ಕರು. ಅರ್ಧ ಗಂಟೆ. ಮುಕ್ಕಾಲು ಗಂಟೆ. ಬೇರೆಯವರ ಕತ್ತರಿ ಸದ್ದು. ಕೈ ಎರಡು ಸಲ ಬೋಗುಣಿಯ ಕಡೆ ಹೋಯಿತು, ಎರಡು ಸಲ ವಾಪಸ್ಸು ಎಳೆದುಕೊಂಡೆ. ಒಂದು ಗಂಟೆ ಕಳೆದು ಹತ್ತು ನಿಮಿಷಕ್ಕೆ ಗುಳ್ಳೆ ಬಂತು. ಮುಚ್ಚಳ ಸರಿಯಿತು, ಕಾಲು ಬಂತು, ಮೀಸೆ ಬಂತು. ಬೋಗುಣಿಯ ಅಂಚಿನವರೆಗೆ ಹರಿದು ಬಂದು, ನನ್ನ ಬೆರಳಿನ ಹತ್ತಿರ ಮೀಸೆ ಆಡಿಸಿತು.

ಕೊಲ್ಲಬೇಕಿತ್ತು. ಬಿಸಿನೀರು ಪಕ್ಕದಲ್ಲೇ ಇತ್ತು. ಸುಳ್ಳು ಯಾಕೆ, ಒಂದು ಕ್ಷಣ ಎದ್ದು ಹೋಗಿಬಿಡೋಣ ಅನ್ನಿಸಿತು. ಅದರ ಮಾರಿ ನೋಡಿದೆ. ಆಮೇಲೆ ಹಾಕಿದೆ.

ಕೊನೇ ಗಂಟೆ ಹೊಡೆಯುವ ಹೊತ್ತಿಗೆ ನನ್ನ ಟ್ರೇಯಲ್ಲಿ ನರಗಳೆಲ್ಲ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಪರೀಕ್ಷಕರು ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನ ಯಾರು ಹೇಳಿಕೊಟ್ರು?"

"ನಮ್ಮತ್ತೆ, ಸಾರ್."

"ಅವರೂ ಝುವಾಲಜೀನಾ?"

"ಇಲ್ಲ ಸಾರ್. ಮಣ್ಣಿನ ಎತ್ತು ಮಾಡ್ತಾರೆ."

ಅವರು ಏನು ಅರ್ಥ ಮಾಡಿಕೊಂಡರೋ. ಅಟೆಂಡರನ್ನು ಕರೆದು, ಮಧ್ಯಾಹ್ನದ ಬ್ಯಾಚಿನ ಹುಳುಗಳನ್ನೆಲ್ಲ ಈಗಲೇ ತೊಟ್ಟಿ ನೀರಿಗೆ ಹಾಕು ಅಂದರು.

ಬಸ್ಸಿಳಿದು ಮನೆಗೆ ಬಂದಾಗ ಸಂಜೆ. ಅತ್ತೆ ನನ್ನ ಮಗನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು. ಪರೀಕ್ಷೆ ಹೇಗಾಯಿತು ಅಂತ ಕೇಳಲಿಲ್ಲ.

"ಎದ್ದಿತ್ತೇನ?"

"ಎದ್ದಿತ್ತು."

"ಆಮ್ಯಾಲ?"

"ಕೊಯ್ದೆ, ಅತ್ತೆ." ಅಲ್ಲಿತನಕ ಗಟ್ಟಿಯಾಗಿದ್ದವಳಿಗೆ ಆಗ ಅಳು ಬಂತು. "ನಾನು ಕರೆದೆ ಅಂತ ಬಂತು. ನನ್ನ ಬೆರಳ ಹತ್ತಿರಕ್ಕೇ ಬಂತು. ಆದರೂ ಕೊಂದೆ."

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಬೈಯುತ್ತಾರೆ, ಬೈಯಲಿ ಅಂತ ನಿಂತಿದ್ದೆ.

"ಪಾಸಾಗತಿ?" ಅಂತ ಕೇಳಿದರು.

"ಆಗ್ತೀನಿ ಅನ್ಸುತ್ತೆ."

"ಹಂಗಾದ್ರ ಇನ್ನ ಮನ್ಯಾಗ ಕೂಡಂಗಿಲ್ಲ ನೀನು. ಜೀವ ತಗೊಂಡು ಕಲ್ತ ವಿದ್ಯಾ. ಸುಮ್ಮನ ಟ್ರಂಕಿನಾಗ ಇಡಾಕ ಬರೂದಿಲ್ಲ. ಸಾಲಿಗೆ ಹೋಗು, ನಾಕು ಮಂದಿ ಮಕ್ಕಳಿಗೆ ಕಲಿಸು." ಮಗನ ಬಾಯಿಗೆ ತುತ್ತಿಟ್ಟರು. "ಇವರನ್ನ ನಾ ನೋಡ್ಕೋತೀನಿ."

ನಾನು ಎರಡು ತಿಂಗಳಿಂದ ಯಾವ ಮಾತಿಗಾಗಿ ಮನಸ್ಸಿನಲ್ಲೇ ಜಗಳ ಕಟ್ಟಿಕೊಂಡಿದ್ದೆನೋ ಆ ಮಾತು ಹೀಗೆ ಬಂತು, ಅನ್ನ ತಿನ್ನಿಸುವ ನಡುವೆ. ಕಾಲಿಗೆ ಬೀಳೋಣ ಅಂತ ಬಗ್ಗಿದರೆ, ಎಂಜಲು ಕೈ, ಮುಟ್ಟಬೇಡ ಅಂತ ಗದರಿದರು.

ರಿಸಲ್ಟು ಬಂತು, ನನ್ನ ನಂಬರಿತ್ತು. ಜೂನಿನಲ್ಲಿ ಶಾಲೆ ಶುರುವಾದ ದಿನ ಸೀರೆಯ ನೆರಿಗೆ ಸರಿಯಾಗಿ ಕೂರದೆ ನಾನು ಕನ್ನಡಿಯ ಮುಂದೆ ಒದ್ದಾಡುತ್ತಿದ್ದೆ. ಮಕ್ಕಳು ಬಾಗಿಲಿಗೆ ಅಡ್ಡ ನಿಂತು ಅಮ್ಮ ಹೋಗಬೇಡ ಅಂತ ರಾಗ ತೆಗೆದರು, ನನ್ನ ಕಾಲು ಅಲ್ಲೇ ನಿಂತವು. ಅತ್ತೆ ಬಂದು ಇಬ್ಬರನ್ನೂ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿ, ಬಾಗಿಲನ್ನು ಪೂರ್ತಿ ತೆಗೆದರು.

"ಹೊತ್ತಾತು," ಅಂದರು. "ನಡಿ, ಟೀಚರ."